ಬಟ್ಟೆ ಹೊದಿಸಿದ ವಿಮಾನದ ಒಳಗೆಲಸ: ಕ್ಯಾನ್ವಾಸೋ, ತಗಡೋ, ಪ್ಲೈವುಡ್ಡೋ, ರೆಕ್ಸಿನ್ನೋ?

ಕೈಯಾರೆ ಕಟ್ಟಿದ ಸಣ್ಣ ವಿಮಾನಕ್ಕೆ ಹೊರಬಟ್ಟೆ ಬಿಗಿದು, ಬೆಳ್ಳಿ ಬಣ್ಣ ಹೊಡೆದು, ಅದರ ಮೇಲೆ ಇಷ್ಟದ ಬಣ್ಣವೂ ಬಿದ್ದ ಮೇಲೆ ಶೆಡ್ಡಿಗೆ ಬಂದವರೆಲ್ಲ ಬಾಗಿಲು ತೆಗೆದು ಒಳಗೆ ಇಣುಕುತ್ತಾರೆ. ಒಳಗೆ ಕಾಣುವುದು ಬರೀ ಉಕ್ಕಿನ ಟ್ಯೂಬು, ಕಂಟ್ರೋಲ್ ಕೇಬಲ್ಲು, ವೈರು, ಬಟ್ಟೆಯ ಹಿಂಬದಿ. ‘ಓ, ಇನ್ನೂ ಅರ್ಧ ಕೆಲಸ ಬಾಕಿ ಇದೆ’ ಅನ್ನುತ್ತಾರೆ. ಎರಡು ಮೂರು ವರ್ಷ ರಜೆ ದಿನಗಳನ್ನೆಲ್ಲ ಸುರಿದು ಕಟ್ಟಿದವರಿಗೆ ಆ ಮಾತು ತಾಕುತ್ತದೆ. ಮಾರನೇ ದಿನವೇ ಕಾರಿನ ಕುಶನ್ ಅಂಗಡಿಗೆ ಹೋಗಿ ರೆಕ್ಸಿನ್ ಸ್ಯಾಂಪಲ್ ತಿರುವಲು ಕೂರುತ್ತಾರೆ.

ಈಚೆಗೆ ಇಬ್ಬರು ಇದೇ ಪ್ರಶ್ನೆ ಹಿಡಿದು ನನ್ನ ಹತ್ತಿರ ಬಂದರು. ಒಬ್ಬರು ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು, ಇನ್ನೊಬ್ಬರು ಅರಸೀಕೆರೆಯ ಮೇಷ್ಟ್ರು. ಇಬ್ಬರದ್ದೂ ಅಕ್ಕಪಕ್ಕ ಕೂರುವ ಎರಡು ಸೀಟಿನ ವಿಮಾನ, ಇಬ್ಬರದ್ದೂ 4130 ಕ್ರೋಮೋಲಿ ಅನ್ನುವ ಗಟ್ಟಿ ಮಿಶ್ರಲೋಹದ ಉಕ್ಕಿನ ಚೌಕಟ್ಟಿನ ಮೇಲೆ ಪಾಲಿಯೆಸ್ಟರ್ ಬಟ್ಟೆ. ಆದರೂ ಇಬ್ಬರಿಗೂ ಒಂದೇ ಉತ್ತರ ಕೊಡಲು ನನಗೆ ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ವಿಮಾನಯಾನದ ಮೇಲ್ವಿಚಾರಣೆ ನೋಡುವ ಡಿಜಿಸಿಎಯ ಅನುಮತಿ, ನೋಂದಣಿ ಇವೆಲ್ಲ ಬೇರೆಯೇ ಅಧ್ಯಾಯ. ಇಲ್ಲಿ ಕ್ಯಾಬಿನ್ನಿನ ಮಾತು ಮಾತ್ರ.

ಇಂಥ ವಿಮಾನ ನಮ್ಮವರಿಗೆ ಹೊಸದೇನಲ್ಲ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ. ಎಂ. ಘಾಟಗೆಯವರ ಮುಂದಾಳತ್ವದಲ್ಲಿ ರೂಪುಗೊಂಡು 1958ರ ಸೆಪ್ಟೆಂಬರಿನಲ್ಲಿ ಮೊದಲು ಹಾರಿದ ಪುಷ್ಪಕ್ ಕೂಡ ಉಕ್ಕಿನ ಟ್ಯೂಬಿನ ಮೇಲೆ ಬಟ್ಟೆ ಹೊದಿಸಿದ ಎರಡು ಸೀಟಿನ ವಿಮಾನವೇ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಜನ ಕಲಿತದ್ದು ಅದರಲ್ಲಿ. ಹ್ಯಾಂಗರಿನಲ್ಲಿ ಅಂಥ ವಿಮಾನಗಳಿಗೆ ಬಟ್ಟೆ ಹೊದಿಸುತ್ತ, ಬಿಚ್ಚುತ್ತ ಕಳೆದ ವರ್ಷಗಳಲ್ಲಿ ನಾನು ಕಲಿತದ್ದನ್ನೆಲ್ಲ ಒಂದೇ ಮಾತಿಗೆ ಇಳಿಸು ಅಂದರೆ ಇಷ್ಟೇ ಹೇಳುತ್ತೇನೆ: ಒಳಗೆ ಏನೇ ಹಾಕಿ, ಹತ್ತು ನಿಮಿಷದಲ್ಲಿ ಬಿಚ್ಚಿ ಹಿಂದೆ ನೋಡುವ ಹಾಗಿರಲಿ.

ಯಾವುದರಲ್ಲಿ ಅಳೆಯಬೇಕು

ಮೊದಲು ತೂಕ. ಹಾಸನ ಸಮುದ್ರಮಟ್ಟದಿಂದ ಹತ್ತಿರಹತ್ತಿರ ಸಾವಿರ ಮೀಟರ್ ಮೇಲಿದೆ, ಚಿಕ್ಕಮಗಳೂರು ಇನ್ನೊಂದಿಷ್ಟು ಎತ್ತರ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಬಿಸಿಲಿದ್ದರೆ ಇಲ್ಲಿನ ನೆಲಮಟ್ಟದ ಗಾಳಿಯೇ ಎಂಜಿನ್ನಿಗೂ ರೆಕ್ಕೆಗೂ ಸುಮಾರು 6,300 ಅಡಿ ಎತ್ತರದ ಗಾಳಿಯಷ್ಟು ತೆಳುವಾಗಿರುತ್ತದೆ. ಕರಾವಳಿಯಲ್ಲಿ ಲೆಕ್ಕಕ್ಕೆ ಬಾರದ ಹತ್ತು ಕೆಜಿ ಇಲ್ಲಿ ರನ್‌ವೇ ಕೊನೆಯ ಮರ ನೋಡುವಾಗ ಲೆಕ್ಕಕ್ಕೆ ಬರುತ್ತದೆ.

ಎರಡು ಸೀಟಿನ ಕ್ಯಾಬಿನ್ನಿನ ಎರಡು ಪಕ್ಕ, ಬಾಗಿಲು, ತಲೆಮೇಲಿನ ಹೊದಿಕೆ, ನೆಲ, ಸೀಟಿನ ಹಿಂದಿನ ಗೋಡೆ ಎಲ್ಲ ಸೇರಿ 6 ಚದರ ಮೀಟರ್ ಅಂತ ಇಟ್ಟುಕೊಳ್ಳೋಣ. ಮೂರು ಮಿಲಿಮೀಟರ್ ಪ್ಲೈವುಡ್, ಅದರ ಮೇಲೆ ತೆಳು ಫೋಮು, ಅದರ ಮೇಲೆ ರೆಕ್ಸಿನ್ ಅಂದರೆ ಚದರ ಮೀಟರಿಗೆ 2.7 ಕೆಜಿಯ ಆಸುಪಾಸು. ಒಟ್ಟು 16 ಕೆಜಿ. ಪೆಟ್ರೋಲಿಗೆ ಬದಲಾಯಿಸಿದರೆ ಅದು 22 ಲೀಟರ್, ಸಣ್ಣ ಎಂಜಿನ್ನಿಗೆ ಒಂದು ಗಂಟೆಗೂ ಮೀರಿದ ಹಾರಾಟ. ಆ 6 ಚದರ ಮೀಟರಿಗೆ ಬರೀ ಬಟ್ಟೆ ಸಾಕು ಅಂದರೆ ಎರಡು ಕೆಜಿ ದಾಟುವುದಿಲ್ಲ.

ತೂಕ ಎಷ್ಟು ಅನ್ನುವಷ್ಟೇ ಮುಖ್ಯ ಎಲ್ಲಿ ಅನ್ನುವುದು. ಖಾಲಿ ತೂಕ 300 ಕೆಜಿ ಇರುವ ವಿಮಾನದಲ್ಲಿ ಗುರುತ್ವ ಕೇಂದ್ರಕ್ಕಿಂತ (ಇಡೀ ತೂಕ ಸಮತೂಗುವ ಬಿಂದುವಿಗಿಂತ) 1.2 ಮೀಟರ್ ಹಿಂದೆ, ಲಗೇಜ್ ಜಾಗದಲ್ಲಿ, 3 ಕೆಜಿಯ ಪ್ಯಾನೆಲ್ ಕೂರಿಸಿದರೆ ಕೇಂದ್ರ 12 ಮಿಲಿಮೀಟರ್ ಹಿಂದಕ್ಕೆ ಸರಿಯುತ್ತದೆ. ಕೇಂದ್ರ ಎಷ್ಟು ಹಿಂದೆ ಹೋಗಬಹುದು ಅನ್ನುವುದಕ್ಕೆ ಮಿತಿಯಿದೆ, ಹಾಗಾಗಿ ಅಂದಕ್ಕೆಂದು ಹಾಕಿದ್ದು ಲಗೇಜಿನ ಲೆಕ್ಕವನ್ನೇ ನುಂಗುತ್ತದೆ. ಸೀಟಿನ ಹಿಂದೆ ಹೋದಷ್ಟೂ ಕೈ ಬಿಗಿ ಹಿಡಿಯಬೇಕು.

ಎರಡನೆಯದು ತೇವ. ಮಲೆನಾಡಿನ ಮಳೆಗಾಲದಲ್ಲಿ ಬೀರುವಿನೊಳಗಿನ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುವುದನ್ನು ನೋಡದವರು ಯಾರಿದ್ದಾರೆ? ಮುಚ್ಚಿದ ಕ್ಯಾಬಿನ್ನಿನಲ್ಲೂ ಅದೇ ನಡೆಯುತ್ತದೆ, ಆದರೆ ಕಣ್ಣಿಗೆ ಬೀಳದ ಕಡೆ. ವಿಮಾನದ ತಳದ ಉದ್ದನೆಯ ಟ್ಯೂಬುಗಳು, ಅಂದರೆ ಲಾಂಜರಾನ್‌ಗಳು, ಯಾವಾಗಲೂ ಮೊದಲು ತುಕ್ಕು ಹಿಡಿಯುವ ಜಾಗ. ಒಳಗೆ ಸೇರಿದ ನೀರು ಇಳಿದು ನಿಲ್ಲುವುದು ಅಲ್ಲೇ. ಬಟ್ಟೆಯ ತಳದಲ್ಲಿ ನೀರು ಹೋಗಲು ಇಟ್ಟ ಸಣ್ಣ ತೂತುಗಳನ್ನು ಕಾರ್ಪೆಟ್ಟಿನ ಎಳೆಯೊಂದು ಮುಚ್ಚಿದರೂ ಸಾಕು.

ಇದನ್ನು ಕಣ್ಣಾರೆ ಕಂಡಿದ್ದೇನೆ. ಬಹಳ ಅಚ್ಚುಕಟ್ಟಾಗಿ ಒಳಗೆಲಸ ಮಾಡಿಸಿದ ವಿಮಾನವೊಂದರ ನೆಲಕ್ಕೆ ಕಾರಿನ ಕಾರ್ಪೆಟ್ಟನ್ನು ಗಮ್ ಹಾಕಿ ಅಂಟಿಸಿದ್ದರು. ಎರಡು ಮಳೆಗಾಲ ಕಳೆದ ಮೇಲೆ ವಾರ್ಷಿಕ ತಪಾಸಣೆಗೆ ಬಿಚ್ಚಿದೆವು. ಕಾರ್ಪೆಟ್ ಎತ್ತಿದರೆ ಅದರ ಅಡಿ ಒದ್ದೆ ಗೋಣಿಯ ವಾಸನೆ. ಟ್ಯೂಬಿನ ಮೇಲೆ ಬಣ್ಣ ಗುಳ್ಳೆ ಎದ್ದಿತ್ತು. ಸ್ಕ್ರೂಡ್ರೈವರಿನ ತುದಿ ಒತ್ತಿದೆ, ಗುಳ್ಳೆ ಒಡೆದು ಕೆಂಪು ಹುಡಿ ಉದುರಿತು. ಆ ಒಂದು ಮೊಳ ಟ್ಯೂಬ್ ಬದಲಾಯಿಸಲು ಹೊಸದಾಗಿ ಹೊದಿಸಿದ್ದ ಬಟ್ಟೆಯನ್ನೇ ಕತ್ತರಿಸಿ ತೆಗೆಯಬೇಕಾಯಿತು. ಬಟ್ಟೆ ಇಟ್ಟುಕೊಂಡು ವೆಲ್ಡಿಂಗ್ ಮಾಡುವ ಮಾತೇ ಇಲ್ಲವಲ್ಲ.

ಮೂರನೆಯದು ಬೆಂಕಿ. ಕುಶನ್ ಅಂಗಡಿಯವರು ‘ಇದು ಕಾರ್ ಕಂಪನಿ ಕ್ವಾಲಿಟಿ, ಬೆಂಕಿ ಟೆಸ್ಟ್ ಪಾಸಾಗಿದೆ’ ಅಂದಾಗ ಅದರ ಅರ್ಥ ಗೊತ್ತಿರಬೇಕು. ಕಾರುಗಳ ಒಳಬಟ್ಟೆಗೆ ಅಮೆರಿಕದವರ ಪರೀಕ್ಷೆಯಲ್ಲಿ ತುಂಡನ್ನು ಅಡ್ಡಡ್ಡ ಹಿಡಿದು ಹಚ್ಚುತ್ತಾರೆ. ನಿಮಿಷಕ್ಕೆ 102 ಮಿಲಿಮೀಟರಿಗಿಂತ ಜೋರಾಗಿ ಉರಿ ಹರಡದಿದ್ದರೆ ಸಾಕು. ಅಂದರೆ ನಿಧಾನವಾಗಿ ಉರಿಯುವುದಕ್ಕೆ ಅಡ್ಡಿಯಿಲ್ಲ. ಕಾರನ್ನಾದರೆ ಪಕ್ಕಕ್ಕೆ ನಿಲ್ಲಿಸಿ ಇಳಿದುಬಿಡಬಹುದು. ದೊಡ್ಡ ಪ್ರಯಾಣಿಕ ವಿಮಾನಗಳ ಸೀಟುಬಟ್ಟೆಗೆ ಇರುವ ಪರೀಕ್ಷೆ ಬೇರೆ. ತುಂಡನ್ನು ನೇರ ಕೆಳಗೆ ನೇತುಹಾಕಿ 12 ಸೆಕೆಂಡ್ ಜ್ವಾಲೆ ತಾಗಿಸುತ್ತಾರೆ. ತೆಗೆದ ಮೇಲೆ 15 ಸೆಕೆಂಡಿನೊಳಗೆ ತಾನೇ ಆರಬೇಕು, ಸುಟ್ಟ ಉದ್ದ 8 ಇಂಚು ಮೀರಬಾರದು, ತೊಟ್ಟಿಕ್ಕಿದ ಹನಿ 5 ಸೆಕೆಂಡಿನಲ್ಲಿ ಆರಬೇಕು.

ನಮ್ಮ ಸಣ್ಣ ವಿಮಾನಕ್ಕೂ ನಾನು ಹಿಡಿಯುವುದು ಈ ಎರಡನೆಯ ಅಳತೆಯನ್ನೇ. ಲ್ಯಾಬಿನ ಸರ್ಟಿಫಿಕೇಟಿಗೆ ಇದು ಸಮವಲ್ಲ, ಆದರೆ ಕೆಟ್ಟದ್ದನ್ನು ದೂರ ಇಡಲು ಸಾಕು. ಹಿತ್ತಲಲ್ಲಿ, ಗಾಳಿ ಇಲ್ಲದ ಹೊತ್ತು, ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಂಡು ಒಂದಡಿ ಉದ್ದದ ಪಟ್ಟಿಯನ್ನು ತಂತಿಗೆ ನೇತುಹಾಕಿ, ಮೇಣದ ಬತ್ತಿ ಹಿಡಿದು ಗಡಿಯಾರ ನೋಡಿ. ಹೊಗೆ ಮೂಗಿಗೆ ಹೋಗದ ಹಾಗೆ ನಿಲ್ಲಿ. ಫೋಮು, ಗಮ್ಮು, ಬಟ್ಟೆ ಸೇರಿಸಿ ಅಂಟಿಸುವುದಾದರೆ ಅಂಟಿಸಿದ ತುಂಡನ್ನೇ ಸುಡಿ. ಬಿಡಿಯಾಗಿ ಪಾಸಾದದ್ದು ಜೊತೆಗೂಡಿದಾಗ ಪಾಸಾಗಬೇಕೆಂದಿಲ್ಲ.

ಸದ್ದಿನ ಮಾತು ಕೊನೆಗೆ. ‘ಒಳಗೆ ಫೋಮ್ ಹಾಕಿದರೆ ಸದ್ದು ಕಮ್ಮಿಯಾಗುತ್ತದೆ ಅಲ್ಲವೇ’ ಅಂತ ಎಲ್ಲರೂ ಕೇಳುತ್ತಾರೆ. ಎಂಜಿನ್ನು, ಪ್ರೊಪೆಲ್ಲರಿನ ಗುಡುಗಿನಂಥ ತಗ್ಗು ಸದ್ದನ್ನು ತಡೆಯಲು ತೂಕ ಬೇಕು. ತೆಳು ಫೋಮು ಕಿರುಗುಟ್ಟುವ ಸದ್ದನ್ನಷ್ಟೇ ನುಂಗುತ್ತದೆ. ಅದಕ್ಕೆ ಖರ್ಚು ಮಾಡುವ ದುಡ್ಡಲ್ಲಿ ಒಳ್ಳೆಯ ಹೆಡ್‌ಸೆಟ್ ತೆಗೆದುಕೊಳ್ಳಿ.

ಏನೂ ಹಾಕದೆ ಬಿಡುವುದು

ಇದನ್ನು ಬಡವರ ಆಯ್ಕೆ ಅಂತ ಯಾರೂ ತಿಳಿಯಬಾರದು. ಟ್ಯೂಬಿಗೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ತಿಳಿ ಬೂದು ಅಥವಾ ಬಿಳಿ ಬಣ್ಣ, ವೈರುಗಳನ್ನು ನೀಟಾಗಿ ಕಟ್ಟಿ, ಕಾಲಿಡುವ ನೆಲಕ್ಕೆ ಮಾತ್ರ ಹಲಗೆ. ತಿಳಿ ಬಣ್ಣಕ್ಕೆ ಕಾರಣವಿದೆ. 100ಎಲ್‌ಎಲ್ ಏವಿಯೇಷನ್ ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ರೆಕ್ಕೆಯ ಟ್ಯಾಂಕಿನಿಂದ ಬಾಗಿಲ ಕಂಬದ ಪಕ್ಕ ಇಳಿದು ಬರುವ ಪೈಪಿನ ಜೋಡಣೆಯಲ್ಲಿ ಒಂದು ಹನಿ ಸೋರಿದರೂ ಬಿಳಿ ಟ್ಯೂಬಿನ ಮೇಲೆ ನೀಲಿ ಗೆರೆ ಮೂಡುತ್ತದೆ. ಅದೇ ಕಪ್ಪು ರೆಕ್ಸಿನ್ನಿನ ಹಿಂದೆ ಆಗಿದ್ದರೆ ವಾಸನೆ ಬರುವ ತನಕ ಗೊತ್ತಾಗುವುದಿಲ್ಲ.

ಕೊರತೆಯೂ ಇದೆ. ಶೂ ತುದಿ, ಲಗೇಜಿನ ಮೂಲೆ, ಮಗುವಿನ ಮೊಣಕೈ ಒಳಗಿನಿಂದ ನೇರ ಹೊರಬಟ್ಟೆಗೆ ತಾಗುತ್ತದೆ. ಪ್ರೊಪೆಲ್ಲರಿನ ಗಾಳಿಗೆ ಬಟ್ಟೆ ಪಟಪಟ ಬಡಿಯುವುದು ಕೇಳಿಸುತ್ತದೆ. ಚಳಿಗಾಲದ ಬೆಳಗ್ಗೆ ಬಾಬಾಬುಡನ್‌ಗಿರಿ ಕಡೆಯಿಂದ ಬೀಸುವ ಗಾಳಿ ಮೊಣಕಾಲಿಗೆ ಹೊಡೆಯುತ್ತದೆ. ಒಬ್ಬರೇ ಹಾರುವವರಿಗೆ, ಕೈ ಖಾಲಿಯಾಗಿರುವವರಿಗೆ ಇದೇ ಸಾಕು. ಮೊದಲ ಐವತ್ತು ಗಂಟೆ ಎಲ್ಲರೂ ಹೀಗೇ ಹಾರಬೇಕು ಅನ್ನುವುದು ನನ್ನ ಹಟ. ಹೊಸ ವಿಮಾನ ಎಲ್ಲಿ ಸೋರುತ್ತದೆ, ಎಲ್ಲಿ ಉಜ್ಜುತ್ತದೆ ಅನ್ನುವುದೆಲ್ಲ ಆಗಲೇ ಕಾಣಬೇಕು.

ಹೊಲಿದ ಬಟ್ಟೆ

ನನಗೆ ಅತ್ಯಂತ ಮೆಚ್ಚಿಕೆಯಾದದ್ದು ಇದು. ಅದಕ್ಕೆ ಬೇಕಾದ ಕುಶಲಿಗಳೂ ನಮ್ಮ ಊರುಗಳಲ್ಲೇ ಇದ್ದಾರೆ. ಎಸ್ಟೇಟ್ ಜೀಪುಗಳಿಗೆ ಹುಡ್ ಹೊಲಿಯುವವರನ್ನು ನೋಡಿ. ಬಾಗಿದ ಪೈಪಿನ ಮೇಲೆ ಕ್ಯಾನ್ವಾಸನ್ನು ಸುಕ್ಕಿಲ್ಲದೆ ಎಳೆದು ಕೂರಿಸುವ ಕೈ ಅವರದು. ಸಕಲೇಶಪುರದಿಂದ ಕೊಟ್ಟಿಗೆಹಾರದವರೆಗಿನ ಮಳೆಯಲ್ಲಿ ವರ್ಷಗಟ್ಟಲೆ ತಡೆಯುವ ಹೊಲಿಗೆ. ವಿಮಾನದ ಕ್ಯಾಬಿನ್ ಅವರಿಗೆ ಇನ್ನೊಂದು ಜೀಪೇ.

ಒಬ್ಬರು ನನ್ನ ಎದುರಿಗೇ ಮಾಡಿದ ರೀತಿ ಹೇಳುತ್ತೇನೆ. ಹಳೇ ನ್ಯೂಸ್ ಪೇಪರನ್ನು ಅಂಟಿಸಿ ದೊಡ್ಡದು ಮಾಡಿ, ಕಿಟಕಿಯ ಕೆಳಗಿನ ಟ್ಯೂಬುಗಳ ಮೇಲೆ ಒತ್ತಿ ಹಿಡಿದು, ಸೀಮೆಸುಣ್ಣ ಹಚ್ಚಿದ ಹೆಬ್ಬೆರಳನ್ನು ಟ್ಯೂಬಿನ ಗುಂಟ ಎಳೆದರು. ಪೇಪರಿನ ಮೇಲೆ ಚೌಕಟ್ಟಿನ ನಕ್ಷೆಯೇ ಬಿತ್ತು. ಆ ಗೆರೆಗಿಂತ ಒಂದೂವರೆ ಇಂಚು ಬಿಟ್ಟು ಕತ್ತರಿಸಿದರು. ಆ ಅಂಚೇ ಟ್ಯೂಬನ್ನು ಸುತ್ತಿಕೊಂಡು ಬಂದು ಟಿಚ್ ಬಟನ್ನಿಗೆ ಸಿಗುತ್ತದೆ. ಟಿಚ್ ಬಟನ್ ಒಂದು ಎಳೆದರೆ ಬಿಚ್ಚುತ್ತದೆ, ಒತ್ತಿದರೆ ಕೂರುತ್ತದೆ. ಇಡೀ ಪಕ್ಕ ತೆಗೆದು ಬಿಸಿಲಿಗೆ ಹರವಬಹುದು. ನಮ್ಮ ಹವೆಗೆ ಇದಕ್ಕಿಂತ ಏನು ಬೇಕು?

ಬಟ್ಟೆ ಯಾವುದು ಅನ್ನುವುದರಲ್ಲಿ ಎಚ್ಚರ ಬೇಕು. ಹತ್ತಿಯ ಕ್ಯಾನ್ವಾಸ್ ಕೈಗೆ ಹಿತ, ಆದರೆ ಚೆನ್ನಾಗಿ ಉರಿಯುತ್ತದೆ, ಬೂಷ್ಟೂ ಬೇಗ ಹಿಡಿಯುತ್ತದೆ. ಬೋರಾಕ್ಸ್ ನೀರಿನಲ್ಲಿ ಅದ್ದಿ ಒಣಗಿಸಿದರೆ ಬೆಂಕಿಗೆ ತಡೆ ಬರುವುದು ನಿಜ. ಒಗೆದಾಗ ಆ ತಡೆ ನೀರಿನ ಜೊತೆ ಹೋಗುವುದೂ ಅಷ್ಟೇ ನಿಜ. ಬೆಂಕಿ ನಿರೋಧಕ ಪಾಲಿಯೆಸ್ಟರ್ ಬಟ್ಟೆ ಸಿಕ್ಕರೆ ಅದೇ ಮೇಲು. ದಾರ ಮಾತ್ರ ಖಂಡಿತ ಪಾಲಿಯೆಸ್ಟರಿನದೇ ಆಗಬೇಕು. ಹತ್ತಿ ದಾರ ತೇವಕ್ಕೆ ಕೊಳೆತು, ಬಟ್ಟೆ ಗಟ್ಟಿಯಿದ್ದರೂ ಹೊಲಿಗೆ ಬಿಡುತ್ತದೆ.

ಒಳಬಟ್ಟೆ ಹೊರಬಟ್ಟೆಗೆ ಎಲ್ಲಿಯೂ ತಾಗಬಾರದು. ತಾಗಿದರೆ ಹಾರುವಾಗಿನ ನಡುಕಕ್ಕೆ ಎರಡೂ ಉಜ್ಜಿ, ಹೊರಬಟ್ಟೆಯ ಒಳಮೈ ಸವೆಯುತ್ತದೆ. ಗಮ್ ಹಚ್ಚುವ ಆಸೆಯನ್ನೂ ಬಿಡಿ. ರಬ್ಬರ್ ಗಮ್ಮಿನಲ್ಲಿರುವ ದ್ರಾವಕ ಹೊರಬಟ್ಟೆಯ ಲೇಪನವನ್ನೇ ಮೆತ್ತಗೆ ಮಾಡಬಲ್ಲದು.

ಅಲ್ಯೂಮಿನಿಯಂ ತಗಡು

ಬೂಟು ಬಡಿಯುವ ಕಡೆ ಇದಕ್ಕೆ ಸಾಟಿಯಿಲ್ಲ. ಅರ್ಧ ಮಿಲಿಮೀಟರ್ ತಗಡು ಚದರ ಮೀಟರಿಗೆ 1.35 ಕೆಜಿ, 0.4 ಮಿಲಿಮೀಟರಿನದು 1.1 ಕೆಜಿಯ ಹತ್ತಿರ. ಬೆಂಕಿ ಹತ್ತುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ, ಒರೆಸಿದರೆ ಹೊಸದು. ಇಡೀ ಕ್ಯಾಬಿನ್ನಿಗೆ ಹಾಕಿದರೆ 7, 8 ಕೆಜಿಗೆ ಹೋಗುತ್ತದೆ, ಡಬ್ಬದ ಒಳಗೆ ಕೂತ ಹಾಗೆ ತಗಡು ಢಣಢಣ ಅನ್ನುತ್ತದೆ. ದೊಡ್ಡ ಹಾಳೆಗೆ ಮಧ್ಯೆ ಒಂದು ಉಬ್ಬುಗೆರೆ ಮಡಿಸಿದರೆ ಆ ಸದ್ದು ಬಹಳ ಇಳಿಯುತ್ತದೆ.

ತಗಡು ಕೂರಿಸುವಾಗ ಮಾಡುವ ಒಂದು ತಪ್ಪು ಕಂಡರೆ ನನಗೆ ಸಂಕಟವಾಗುತ್ತದೆ. ಸ್ಕ್ರೂ ಹಾಕಲು ಉಕ್ಕಿನ ಟ್ಯೂಬಿಗೇ ಡ್ರಿಲ್ ಹಿಡಿಯುತ್ತಾರೆ. ದಯವಿಟ್ಟು ಬೇಡ. ಆ ತೂತಿನಿಂದ ಟ್ಯೂಬಿನ ಬಲ ಅಲ್ಲಿಗೆ ಕುಂದುತ್ತದೆ, ಬಿರುಕಿಗೆ ಬಾಗಿಲು ತೆರೆದಂತಾಗುತ್ತದೆ, ತೇವ ಟ್ಯೂಬಿನ ಒಳಗೆ ಸೇರಿ ಒಳಗಿನಿಂದಲೇ ತಿನ್ನುತ್ತದೆ. ಬಟ್ಟೆ ಹೊದಿಸುವ ಮೊದಲೇ ಯೋಚಿಸಿ ಸಣ್ಣ ಕಿವಿಗಳನ್ನು ವೆಲ್ಡ್ ಮಾಡಿಸಿದ್ದರೆ ಸರಿ. ಇಲ್ಲದಿದ್ದರೆ ರಬ್ಬರ್ ಪಟ್ಟಿ ಇರುವ ಕ್ಲ್ಯಾಂಪನ್ನು ಟ್ಯೂಬಿಗೆ ಸುತ್ತಿ ಅದಕ್ಕೆ ಸ್ಕ್ರೂ ಕೊಡಿ. ಅಲ್ಯೂಮಿನಿಯಂ ಮತ್ತು ಉಕ್ಕು ತೇವದಲ್ಲಿ ನೇರ ತಾಗಿದರೆ ಅಲ್ಯೂಮಿನಿಯಂ ಬಿಳಿ ಹುಡಿಯಾಗುತ್ತದೆ. ಆ ರಬ್ಬರ್ ಅದನ್ನೂ ತಪ್ಪಿಸುತ್ತದೆ.

ಪ್ಲೈವುಡ್, ಫೈಬರ್, ಸನ್‌ಪ್ಯಾಕ್

ತೆಳು ಪ್ಲೈವುಡ್ ನೆಲಕ್ಕೆ ಒಳ್ಳೆಯದು, ಗೋಡೆಗೆ ಭಾರ. ಎಲ್ಲ ಅಂಚಿಗೂ ಎರಡು ಕೋಟ್ ವಾರ್ನಿಷ್ ಹೋಗಬೇಕು, ನೀರು ಕುಡಿಯುವುದು ಅಂಚಿನಿಂದಲೇ. ಫೈಬರ್ ಗ್ಲಾಸಿನ ಎರಡು ಪದರದ ನಡುವೆ ಫೋಮ್ ಹಲಗೆ ಇಟ್ಟು ಮಾಡಿದ ಪ್ಯಾನೆಲ್ ತಗಡಿನಷ್ಟೇ ತೂಗುತ್ತದೆ, ಆದರೆ ಬಹಳ ಬಿಗಿ, ಸದ್ದಿಲ್ಲ. ಕೈಗೆ ಎಪಾಕ್ಸಿ ಕೆಲಸ ಬರುವವರು ಮಾಡಬಹುದು. ಥರ್ಮೋಕೋಲಿನ ಮೇಲೆ ಪಾಲಿಯೆಸ್ಟರ್ ರೆಸಿನ್ ಸುರಿದರೆ ಥರ್ಮೋಕೋಲ್ ಕರಗಿ ಹೋಗುತ್ತದೆ.

ಬೋರ್ಡು ಬರೆಸುವ ಸನ್‌ಪ್ಯಾಕ್ ಶೀಟ್ ಹಗುರ, ಅಗ್ಗ, ಎಲ್ಲಿಯೂ ಸಿಗುತ್ತದೆ. ಹಾಗಾಗಿ ಕೈ ಅತ್ತ ಹೋಗುತ್ತದೆ. ಒಂದು ತುಂಡು ಹಚ್ಚಿ ನೋಡಿ: ಉರಿಯುತ್ತಲೇ ಕರಗಿ, ಉರಿಯುವ ಹನಿಗಳಾಗಿ ತೊಟ್ಟಿಕ್ಕುತ್ತದೆ. ಅದನ್ನು ನ್ಯೂಸ್ ಪೇಪರಿನ ಬದಲು ಅಳತೆ ತೆಗೆಯಲು ಬಳಸಿ, ಒಳಗೆ ಬೇಡ.

ರೆಕ್ಸಿನ್ ಮತ್ತು ಚರ್ಮ

ಕಾರಿನ ಹಾಗೆ ಕಾಣಬೇಕು ಅನ್ನುವವರ ಆಸೆ ನನಗೆ ಅರ್ಥವಾಗುತ್ತದೆ. ಹೆಂಡತಿಯನ್ನೋ ಅಪ್ಪನನ್ನೋ ಮೊದಲ ಸಲ ಕೂರಿಸುವಾಗ ಒಳಗೆ ಚೆನ್ನಾಗಿ ಕಂಡರೆ ಅವರಿಗೆ ಧೈರ್ಯ ಬರುತ್ತದೆ. ಆದರೆ ರೆಕ್ಸಿನ್ ಅಂದರೆ ಪಿವಿಸಿ. ಉರಿದರೆ ಬರುವ ಹೊಗೆ ಕಣ್ಣು, ಶ್ವಾಸಕೋಶಕ್ಕೆ ಉರಿ ತರುವ ಆಮ್ಲದ ಹೊಗೆ. ಅದರ ಹಿಂದಿನ ಸಾಮಾನ್ಯ ಪಾಲಿಯುರೆಥೇನ್ ಫೋಮಿನ ಹೊಗೆಯಲ್ಲಿ ಸಯನೈಡ್ ಇರುತ್ತದೆ. ಮುಚ್ಚಿದ ಪುಟ್ಟ ಕ್ಯಾಬಿನ್ನಿನಲ್ಲಿ ಇದು ಸಣ್ಣ ಮಾತಲ್ಲ. ಚರ್ಮ ಬೆಂಕಿಗೆ ಎಷ್ಟೋ ವಾಸಿ. ಆದರೆ ತೂಕ, ಬೆಲೆ, ಬೂಷ್ಟು ಮೂರೂ ಜೊತೆಗೆ ಬರುತ್ತವೆ. ತೋಳು ಊರುವ ಬಾಗಿಲ ಅಂಚಿಗೆ, ವಿಮಾನ ನಡೆಸುವ ಸ್ಟಿಕ್ಕಿನ ಬುಡದ ಚೀಲಕ್ಕೆ ಒಂದೊಂದು ಗೇಣು ಚರ್ಮ ಹಾಕಿದರೆ ಆಸೆಯೂ ತೀರುತ್ತದೆ. ಆ ಚೀಲ ಬೇಕೇ ಬೇಕು. ಬಿದ್ದ ಪೆನ್ನೊಂದು ನೆಲದಡಿ ಉರುಳಿ ಕಂಟ್ರೋಲಿಗೆ ಸಿಕ್ಕಿಕೊಳ್ಳುವುದನ್ನು ತಡೆಯುವುದು ಅದೇ.

ಡ್ಯಾಶ್‌ಬೋರ್ಡಿನ ಮೇಲ್ಮೈ ಮಾತ್ರ ಹೊಳಪಿಲ್ಲದ ಕಪ್ಪೇ ಇರಲಿ. ತಿಳಿ ಬಣ್ಣ ಹಾಕಿದರೆ ಅದರ ಪ್ರತಿಬಿಂಬ ಮುಂದಿನ ಗಾಜಿನಲ್ಲಿ ಬಿದ್ದು ರನ್‌ವೇ ಮಸುಕಾಗುತ್ತದೆ.

ಸೀಟು, ಮತ್ತು ಕಂಬಳಿ

ಗೋಡೆಯಲ್ಲಿ ಉಳಿಸಿದ ದುಡ್ಡನ್ನು ಸೀಟಿಗೆ ಸುರಿಯಿರಿ. ಟ್ಯೂಬಿನ ಚೌಕಟ್ಟಿಗೆ ಜೋಲಿಯ ಹಾಗೆ ಬಟ್ಟೆ ಬಿಗಿದ ಸೀಟು ಹಗುರ, ಗಾಳಿಯಾಡುತ್ತದೆ, ಬಿಚ್ಚಿ ಒಗೆಯಬಹುದು. ಅದರ ಮೇಲೆ ಹಾಕುವ ದಿಂಬಿನಲ್ಲಿ ಜನ ಎಡವುತ್ತಾರೆ. ಸೋಫಾದಂಥ ಮೆತ್ತನೆ ಫೋಮು ಅಂಗಡಿಯಲ್ಲಿ ಸುಖ. ನೆಲಕ್ಕೆ ಗಟ್ಟಿಯಾಗಿ ಬಡಿದ ದಿನ ಮೈ ಅದರಲ್ಲಿ ಪೂರ್ತಿ ಇಳಿದು, ವೇಗ ಪಡೆದು ಸೀಟಿನ ಗಟ್ಟಿಗೆ ಗುದ್ದುತ್ತದೆ, ಬೆನ್ನುಮೂಳೆಗೆ ಪೆಟ್ಟು ಹೆಚ್ಚೇ ಆಗುತ್ತದೆ. ಒತ್ತಿದರೆ ನಿಧಾನವಾಗಿ ಇಳಿದು ನಿಧಾನವಾಗಿ ಏಳುವ ಫೋಮ್ ಇದೆಯಲ್ಲ, ಗ್ಲೈಡರ್ ಹಾರಿಸುವವರು ಬಳಸುವುದು ಅದನ್ನೇ. ಒಂದೂವರೆ ಇಂಚು ಸಾಕು. ಬೆನ್ನಿನ ದಿಂಬು ಅತಿ ಮೆತ್ತಗಿದ್ದರೆ ಮೇಲೇರುವಾಗ ಮೈ ಹಿಂದಕ್ಕೆ ಹೋಗಿ ಕೈ ಸ್ಟಿಕ್ಕಿನಿಂದ ದೂರವಾಗುತ್ತದೆ ಅನ್ನುವುದನ್ನೂ ಮರೆಯಬೇಡಿ.

ಇನ್ನು ಕಂಬಳಿ. ಕುರುಬರು ನೇಯ್ದ ಕರಿ ಕಂಬಳಿಯ ಪಟ್ಟಿಯೊಂದನ್ನು ನಾನು ಹಿತ್ತಲಲ್ಲಿ ಸುಟ್ಟು ನೋಡಿದೆ. ಜ್ವಾಲೆ ತಾಗಿದಾಗ ಕೂದಲು ಸುಟ್ಟ ವಾಸನೆ, ಅಂಚು ಮುದುಡಿ ಕರಿ ಮಣಿಗಳಾಯಿತು. ಬತ್ತಿ ತೆಗೆದ ಕೂಡಲೇ ಆರಿತು, ಹನಿ ತೊಟ್ಟಿಕ್ಕಲಿಲ್ಲ. ಬೆರಳಲ್ಲಿ ಹಿಸುಕಿದರೆ ಮಣಿ ಪುಡಿಪುಡಿ. ಉಣ್ಣೆಯ ಗುಣವೇ ಅದು. ಸೀಟಿನ ದಿಂಬಿಗೆ ಕಂಬಳಿಯ ಗವುಸು ಹೊಲಿಸಿ, ಹಾರಾಟ ಮುಗಿದ ಮೇಲೆ ಮನೆಗೆ ತಂದು ಒಣಗಿಸಿ. ನೆಲಕ್ಕೆ ಮಾತ್ರ ಹಾಸಬೇಡಿ. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನ ಹತ್ತಿರ ತೇವವನ್ನು ಕೈಗೆ ಗೊತ್ತಾಗದ ಹಾಗೆ ಹೀರಿಕೊಂಡು ಕೂರುತ್ತದೆ, ಲಾಂಜರಾನ್ ಪಕ್ಕದಲ್ಲಿ ಅಂಥದ್ದು ಬೇಡವೇ ಬೇಡ.

ಇಬ್ಬರಿಗೂ ಹೇಳಿದ್ದು

ಮೇಷ್ಟ್ರಿಗೆ ಅರಸೀಕೆರೆಯ ಒಣಹವೆ ಅನುಕೂಲ, ಕೈಯಲ್ಲಿ ದುಡ್ಡು ಕಮ್ಮಿ, ಹೆಚ್ಚಾಗಿ ಒಬ್ಬರೇ ಹಾರುತ್ತಾರೆ. ಟ್ಯೂಬಿಗೆ ಬಿಳಿ ಬಣ್ಣ, ಬಾಗಿಲ ಕೆಳಗೆ ಮತ್ತು ಪೆಡಲಿನ ಪಕ್ಕ ತಗಡು, ಲಗೇಜಿಗೆ ಟಿಚ್ ಬಟನ್ನಿನ ಬಟ್ಟೆ ಚೀಲ, ಒಳ್ಳೆಯ ಸೀಟು. ಅಷ್ಟೇ. ಮುಂದೆ ಬೇಕೆನಿಸಿದರೆ ಪಕ್ಕಕ್ಕೆ ಬಟ್ಟೆ ಹೊಲಿಸಿಕೊಳ್ಳಬಹುದು.

ಬೆಳೆಗಾರರಿಗೆ ಮನೆಯವರನ್ನು ಕರೆದೊಯ್ಯುವ ಆಸೆ, ಖರ್ಚಿಗೆ ತೊಂದರೆಯಿಲ್ಲ, ಆದರೆ ಮೂಡಿಗೆರೆಯ ಮಳೆ. ಅವರು ಕೇಳಿದ್ದು ಚರ್ಮ ಮತ್ತು ಕಾರ್ಪೆಟ್. ಮೊಣಕಾಲಿನ ಕೆಳಗೆ ಎರಡೂವರೆ ಚದರ ಮೀಟರ್ 0.4ರ ತಗಡು, ಅಲ್ಲಿಂದ ಮೇಲಕ್ಕೆ ಮೂರೂವರೆ ಚದರ ಮೀಟರ್ ಬೆಂಕಿ ನಿರೋಧಕ ಬಟ್ಟೆ ಹಾಕಿ ಅಂದೆ. ಕ್ಲ್ಯಾಂಪು, ಬಟನ್ ಸೇರಿ ನಾಲ್ಕೂವರೆ ಕೆಜಿ ಸುತ್ತಮುತ್ತ. ನೆಲಕ್ಕೆ ಕಾರ್ಪೆಟ್ ಬದಲು ಪಾದ ಊರುವ ಜಾಗದಲ್ಲಿ ಒರಟು ಪಟ್ಟಿ ಅಂಟಿಸಿದ ಹಲಗೆ, ನಾಲ್ಕು ಸ್ಕ್ರೂ ತೆಗೆದರೆ ಕೈಗೆ ಬರುವಂಥದ್ದು. ಚರ್ಮ ಬಾಗಿಲ ಅಂಚಿಗೆ ಮಾತ್ರ. ಆರಿದ್ರಾ ಮಳೆ ಹಿಡಿದಾಗ ಬಟ್ಟೆಯನ್ನೆಲ್ಲ ಬಿಚ್ಚಿ ಮನೆಯೊಳಗೆ ಇಟ್ಟುಕೊಂಡು, ಬಾಗಿಲು ಓರೆ ಮಾಡಿ, ವಾರಕ್ಕೊಮ್ಮೆ ತಳದ ಟ್ಯೂಬುಗಳ ಮೇಲೆ ಕೈ ಆಡಿಸಿ ನೋಡಬೇಕು.

ಯಾವುದನ್ನೇ ಆರಿಸಿ, ಪ್ರತಿ ತುಂಡನ್ನೂ ಕೂರಿಸುವ ಮೊದಲು ತಕ್ಕಡಿಗೆ ಹಾಕಿ, ಗ್ರಾಂ ಎಷ್ಟು ಅಂತ ಅದರ ಹಿಂಬದಿಗೇ ಮಾರ್ಕರಿನಲ್ಲಿ ಬರೆಯಿರಿ. ಎಲ್ಲ ಮುಗಿದ ಮೇಲೆ ವಿಮಾನವನ್ನು ಮತ್ತೆ ಮೂರು ತಕ್ಕಡಿಗಳ ಮೇಲೆ ನಿಲ್ಲಿಸಿ ತೂಕ-ಸಮತೋಲನದ ಹಾಳೆಯನ್ನು ಹೊಸದಾಗಿ ಬರೆಯಿಸಿ, ಆಮೇಲೆ ಹಾರಿ.